ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಲೇ ಸಿಎ ಆಗಬಹುದೇ? ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಪಿಯುಸಿ ಫಲಿತಾಂಶದ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಕಾಲೇಜು ಬೇಡ, ಈಗಲೇ ಆಡಿಟರ್ ಆಫೀಸಿಗೆ ಸೇರಿ, ಮೂರು ವರ್ಷದಲ್ಲಿ ಸಿಎ ಆಗುತ್ತೀರಿ ಅನ್ನುವುದು ಒಂದು. ಕೆಲಸ ಮಾಡಿಕೊಂಡು ಓದಿದವರು ಪಾಸಾಗುವುದೇ ಇಲ್ಲ, ಬೆಂಗಳೂರಿನಲ್ಲಿ ರೂಮು ಮಾಡಿ ಪೂರ್ತಿ ಓದಲೇಬೇಕು ಅನ್ನುವುದು ಇನ್ನೊಂದು. ಎರಡೂ ಪೂರ್ತಿ ಸರಿಯಲ್ಲ.

ಚನ್ನಪಟ್ಟಣ ತಾಲ್ಲೂಕು ವಿರೂಪಾಕ್ಷಿಪುರದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಒಂದಿಷ್ಟು ಹಿಪ್ಪುನೇರಳೆ, ಎರಡು ಸೀಮೆಹಸು, ಡೇರಿ ಬಟವಾಡೆ. ಮಗಳು ಕಾಮರ್ಸ್‌ನಲ್ಲಿ ಪಿಯುಸಿ ಪಾಸಾಗಿದ್ದಾಳೆ, ಸಿಎ ಆಗುವಾಸೆ. ರೂಮು, ಕೋಚಿಂಗ್ ಎರಡಕ್ಕೂ ದುಡ್ಡು ಹೊಂದಿಸುವುದು ಕಷ್ಟ. 'ಪೇಟೆಯ ಆಡಿಟರ್ ಹತ್ತಿರ ಸೇರಿಸಿಬಿಡಿ, ಅನುಭವವೂ ಆಗುತ್ತೆ' ಎಂದು ನೆಂಟರು ಹೇಳುತ್ತಾರೆ. ಈ ಸಲಹೆಯನ್ನು ಹಾಗೇ ನಂಬಿದರೆ ಆಕೆಯ ಎರಡು ಮೂರು ವರ್ಷ ಲೆಕ್ಕಕ್ಕೇ ಬಾರದೆ ಹೋಗಬಹುದು.

ಯಾಕೆ? ಸಿಎ ಕೋರ್ಸ್ ನಡೆಸುವ ಐಸಿಎಐ ಸಂಸ್ಥೆ 2023ರ ಜುಲೈ 1ರಿಂದ ಹೊಸ ಪದ್ಧತಿ ತಂದಿದೆ. ಹಿಂದೆ ಇಂಟರ್‌ಮೀಡಿಯೆಟ್‌ನ ಒಂದು ಗ್ರೂಪ್ ಪಾಸಾದರೂ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗಿನ ಕಡ್ಡಾಯ ತರಬೇತಿ, ಶುರು ಮಾಡಬಹುದಿತ್ತು. ಈಗ ಎರಡೂ ಗ್ರೂಪ್ ಪಾಸಾಗಲೇಬೇಕು. 55 ಶೇಕಡಾ ಅಂಕದ ಬಿಕಾಂ ಪದವಿಯಿಂದ ಫೌಂಡೇಶನ್ ಬರೆಯದೆ ನೇರವಾಗಿ ಬರುವವರಿಗೂ ಇದೇ ನಿಯಮ. ಅದಕ್ಕಿಂತ ಮುಂಚೆ ಆಫೀಸಿನಲ್ಲಿ ಎಷ್ಟು ವರ್ಷ ಬಿಲ್ಲು ಎಂಟ್ರಿ ಮಾಡಿದ್ದರೂ ಅದು ಆರ್ಟಿಕಲ್‌ಶಿಪ್ ಅಲ್ಲ. ಇನ್ನೊಂದು ವಿಷಯ: ನಮ್ಮ ಕಡೆ 'ಆಡಿಟರ್' ಎಂದು ಕರೆಸಿಕೊಳ್ಳುವವರೆಲ್ಲ ಸಿಎಗಳಲ್ಲ, ಹಲವರು ತೆರಿಗೆ ಸಲಹೆಗಾರರು. ಅವರ ಕೆಲಸಕ್ಕೆ ಬೆಲೆ ಇಲ್ಲ ಎಂದಲ್ಲ, ಆದರೆ ಅಲ್ಲಿ ಆರ್ಟಿಕಲ್‌ಶಿಪ್ ಆಗುವುದಿಲ್ಲ.

ಆ 'ಮೂರು ವರ್ಷ' ಎಂಬ ಮಾತೂ ಹಳೆಯದು. ಮೂರು ವರ್ಷವಿದ್ದ ಆರ್ಟಿಕಲ್‌ಶಿಪ್ ಈಗ ಎರಡು ವರ್ಷ. ಸಿಗುವುದು ಸಂಬಳವಲ್ಲ, ಸ್ಟೈಪೆಂಡ್. ಅದರ ಕನಿಷ್ಠ ಮೊತ್ತ ಊರಿನ ಜನಸಂಖ್ಯೆ ನೋಡಿ ನಿಗದಿಯಾಗುತ್ತದೆ. ವರ್ಷಕ್ಕೆ 12 ದಿನ ಮಾತ್ರ ರಜೆ. ಹಿಂದೆ ತಿಂಗಳುಗಟ್ಟಲೆ ರಜೆ ಉಳಿಸಿ ಪರೀಕ್ಷೆಗೆ ಓದುತ್ತಿದ್ದರು, ಈಗ ಅದು ಸಾಧ್ಯವಿಲ್ಲ. ಬದಲಿಗೆ ತರಬೇತಿ ಮುಗಿದ ಮೇಲೆ ಆರು ತಿಂಗಳು ಓದಿ ಫೈನಲ್ ಬರೆಯಬೇಕು. ಅಂದರೆ ಓದು, ಆಮೇಲೆ ಕೆಲಸ, ಮತ್ತೆ ಓದು ಎಂದು ಕೋರ್ಸೇ ಬೇರ್ಪಡಿಸಿಬಿಟ್ಟಿದೆ.

ಹಾಗಾದರೆ ದುಡಿಯುತ್ತಾ ಓದುವುದು ಆಗದ ಮಾತೇ? ಎರಡನೆಯ ಫಾರ್ವರ್ಡ್ ತಪ್ಪುವುದು ಇಲ್ಲೇ. ಫೌಂಡೇಶನ್, ಇಂಟರ್‌ಮೀಡಿಯೆಟ್ ಎರಡಕ್ಕೂ ಕೋಚಿಂಗ್ ಕಡ್ಡಾಯವಲ್ಲ, ಪಾಠದ ಪುಸ್ತಕಗಳನ್ನು ಸಂಸ್ಥೆಯೇ ಕೊಡುತ್ತದೆ. ಇಂಟರ್‌ಮೀಡಿಯೆಟ್‌ನ ಆರು ಪೇಪರುಗಳನ್ನು ಮೂರು ಮೂರರಂತೆ ಎರಡು ಸಲ ಬರೆಯಬಹುದು. ಒಂದು ಪೇಪರಿನಲ್ಲಿ 60 ಅಂಕ ಬಂದು ಗ್ರೂಪ್ ಪಾಸಾಗದಿದ್ದರೆ, ಮುಂದಿನ ಮೂರು ಪರೀಕ್ಷೆಗಳವರೆಗೆ ಆ ಪೇಪರಿಗೆ ವಿನಾಯಿತಿ ಇದೆ. ದುಡಿಯುವವರಿಗೆ ನಿಜಕ್ಕೂ ಉಪಕಾರವಾಗುವ ನಿಯಮ ಇದು.

ಆದರೆ ಎಲ್ಲಿ ದುಡಿಯುತ್ತೀರಿ ಅನ್ನುವುದು ಮುಖ್ಯ. ಈ ಪರೀಕ್ಷೆಗಳು 2024ರಿಂದ ಜನವರಿ, ಮೇ-ಜೂನ್, ಸೆಪ್ಟೆಂಬರ್ ಹೀಗೆ ವರ್ಷಕ್ಕೆ ಮೂರು ಸಲ ನಡೆಯುತ್ತಿವೆ. ತೆರಿಗೆ ಆಫೀಸುಗಳಲ್ಲಿ ಪ್ರತಿ ತಿಂಗಳು 11 ಮತ್ತು 20ನೇ ತಾರೀಕು ಜಿಎಸ್‌ಟಿ ರಿಟರ್ನ್ ಗಡಿಬಿಡಿ, ಟ್ಯಾಕ್ಸ್ ಆಡಿಟ್ ವರದಿಗೆ ಸಾಮಾನ್ಯವಾಗಿ ಸೆಪ್ಟೆಂಬರ್ 30 ಕೊನೆಯ ದಿನ. ಅಂಥ ಕಡೆ ಕೆಲಸದಲ್ಲಿದ್ದು ಸೆಪ್ಟೆಂಬರಿನಲ್ಲೇ ಪರೀಕ್ಷೆ ಕಟ್ಟುವುದು ಜಾಣತನವಲ್ಲ ಅನ್ನಿಸುತ್ತದೆ ನಮಗೆ. ಅದರ ಬದಲು ಊರಲ್ಲೇ ಅರ್ಧ ದಿನದ ಲೆಕ್ಕ ಬರೆಯುವ ಕೆಲಸ ಸಿಕ್ಕರೆ ವಾಸಿ. ಚನ್ನಪಟ್ಟಣ–ಬೆಂಗಳೂರು ರೈಲಿನಲ್ಲಿ ದಿನಾ ಹೋಗಿಬರುವವರಿಗೆ ಓದಲು ಎಷ್ಟು ಗಂಟೆ ಉಳಿಯುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮತ್ತೊಂದು ತೊಡಕಿದೆ. ಪರೀಕ್ಷೆ ಬರೆಯಲು ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ದಿನಕ್ಕೆಷ್ಟು ಗಂಟೆ ಓದಬೇಕು ಎಂದು ಲೆಕ್ಕ ಹಾಕುವಾಗ ಭಾಷೆಗೂ ಸಮಯ ಬೇಕು ಅನ್ನುವುದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ.

ಸಿಎ ಬೇಡ, ಅಕೌಂಟೆಂಟ್ ಆದರೆ ಸಾಕು ಅನ್ನುವವರ ಲೆಕ್ಕವೇ ಬೇರೆ. ಅಲ್ಲಿ ಟ್ಯಾಲಿ, ಜಿಎಸ್‌ಟಿ ಕೈಗೆ ಹತ್ತಿರಬೇಕು, ಆಫೀಸಿನ ಅನುಭವ ನೇರವಾಗಿ ಉಪಯೋಗಕ್ಕೆ ಬರುತ್ತದೆ. ದುಡಿಯುತ್ತಾ ದೂರಶಿಕ್ಷಣದಲ್ಲಿ ಬಿಕಾಂ ಮಾಡುವುದು ಇಂಥವರಿಗೆ ಒಳ್ಳೆಯ ದಾರಿಯೇ. ಮಾನ್ಯತೆ ಇರುವ ವಿಶ್ವವಿದ್ಯಾಲಯದ ದೂರಶಿಕ್ಷಣ ಪದವಿ ಕಾಲೇಜಿನ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. 'ಮಾನ್ಯತೆ ಇರುವ' ಅನ್ನುವ ಪದವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೇ 2012-13ರ ನಂತರ ಕೆಲವು ವರ್ಷ ಮಾನ್ಯತೆ ಇರಲಿಲ್ಲ, ಮತ್ತೆ ಸಿಕ್ಕಿದ್ದು 2018ರಲ್ಲಿ. ಆ ನಡುವೆ ಓದಿದವರ ಪಾಡು ನೆನಪಿದ್ದವರು ಇಂದಿಗೂ ಯುಜಿಸಿ ವೆಬ್‌ಸೈಟಿನಲ್ಲಿ ಆ ವರ್ಷದ ಪಟ್ಟಿ ನೋಡಿಯೇ ಅರ್ಜಿ ಹಾಕುತ್ತಾರೆ.

ಆಡಿಟರ್ ಆಫೀಸಿಗೆ ಸೇರುವ ದಿನ ಕೇಳಬೇಕಾದ ಪ್ರಶ್ನೆ ಒಂದೇ: ಇದು ಬರೀ ಕೆಲಸವೋ, ಆರ್ಟಿಕಲ್‌ಶಿಪ್ಪೋ? ಆರ್ಟಿಕಲ್‌ಶಿಪ್ ಎಂದರೆ ಅವರು ಸಿಎ ಆಗಿರಬೇಕು, ಫಾರ್ಮ್ 102 ಮತ್ತು 103ರ ಮೂಲಕ ಐಸಿಎಐನಲ್ಲಿ ನಿಮ್ಮ ಹೆಸರು ನೋಂದಣಿಯಾಗಬೇಕು. 'ಆಮೇಲೆ ಮಾಡಿಸೋಣ ಬಿಡಮ್ಮ' ಎಂದರೆ, ನೀವಿನ್ನೂ ಇಂಟರ್‌ಮೀಡಿಯೆಟ್ ಪಾಸಾಗಿಲ್ಲ ಎಂದಾದರೆ, ಅದು ಬರೀ ಕೆಲಸ. ಸಂಬಳವನ್ನೂ ಹಾಗೆಯೇ ಕೇಳಿ ಮಾತಾಡಿಕೊಳ್ಳಿ.