ಅರಳದ ಕಾಳಿಗೆ ಹೊಣೆ ಯಾರು?

ಕಳೆದ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಮಳೆ ಹಿಡಿದುಕೊಂಡಿತ್ತು. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮನೆಯವರು ಕೊಡೆಯನ್ನು ಬಾಗಿಲ ಬಳಿ ಮಡಿಸಿಟ್ಟು ಕಚೇರಿಯೊಳಕ್ಕೆ ಬಂದು, ನಮ್ಮ ಮೇಜಿನ ಮೇಲೆ ಒಂದು ಪೊಟ್ಟಣವನ್ನಿಟ್ಟರು. ನಮ್ಮ ಮಳಿಗೆಯಲ್ಲೇ ಕೊಂಡ ಪಾಪ್‌ಕಾರ್ನ್ ಕಾಳು. "ಸೆಕ್ರೆಟ್ರಿ ಅಣ್ಣಾ, ಬೆಂಗಳೂರಿಂದ ಮೊಮ್ಮಕ್ಕಳು ಬಂದಿದ್ರು. ಎರಡು ಸಲ ಹುರಿದೆ. ಅರಳಿದ್ದಕ್ಕಿಂತ ಪಾತ್ರೆ ತಳದಲ್ಲಿ ಉಳಿದಿದ್ದೇ ಹೆಚ್ಚು. ಸಂಘದ್ದು ಅಂತ ನಂಬಿ ತಗೊಂಡಿದ್ದೆ" ಎಂದರು. ಹಣ ವಾಪಸು ಕೇಳಲಿಲ್ಲ. ಕೇಳಿದ್ದರೆ ನಮಗೆ ಇಷ್ಟು ಇರುಸುಮುರುಸಾಗುತ್ತಿರಲಿಲ್ಲ.

ಆ ಪೊಟ್ಟಣವನ್ನು ಮನೆಗೆ ಒಯ್ದು ರಾತ್ರಿ ನೂರು ಕಾಳು ಎಣಿಸಿ ಹುರಿದು ನೋಡಿದೆವು. ಅರ್ಧಕ್ಕೂ ಹೆಚ್ಚು ಹಾಗೆಯೇ ಉಳಿದವು. ಅರಳಿದವೂ ಸಣ್ಣಗೆ, ಮುದುಡಿಕೊಂಡು, ಅಗಿದರೆ ತೊಗಲಿನಂತಿದ್ದವು. ಮಾರನೆಯ ದಿನ ಗೋದಾಮಿಗೆ ಹೋಗಿ ಮೂಲ ಚೀಲವನ್ನು ಹುಡುಕಿದೆವು. ಫೆಬ್ರವರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಿಸಿದ 50 ಕಿಲೋ ಚೀಲ. ಬೇಸಿಗೆಯಿಡೀ ಜಿಂಕ್ ಶೀಟಿನ ಕೆಳಗೆ ಕಾದು, ಜೂನ್‌ನಿಂದೀಚೆಗೆ ಬಾಯಿ ತೆರೆದುಕೊಂಡೇ ಮಳೆಗಾಲದ ಥಂಡಿ ಕುಡಿದು ಕೂತಿತ್ತು. ಪಕ್ಕದಲ್ಲಿ ಏನಿತ್ತೆಂದು ಬರೆಯಲು ಕೈ ಬಾರದು, ಆದರೂ ಬರೆಯಬೇಕು: ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತದ ಚೀಲಗಳು. ಆ ಚೀಲವನ್ನು ತರಿಸಲು ಸಹಿ ಹಾಕಿದವರು ನಾವೇ. ತಿನ್ನುವ ವಸ್ತುವನ್ನು ಅಲ್ಲಿ ಇಡಬಾರದೆಂದು ಮಳಿಗೆಯ ಹುಡುಗರಿಗೆ ಹೇಳಬೇಕಾಗಿದ್ದವರೂ ನಾವೇ.

ವಿಷಯ ಆಡಳಿತ ಮಂಡಳಿಯ ಮುಂದೆ ಬಂದಾಗ ಒಬ್ಬ ನಿರ್ದೇಶಕರು, "ಕಾಫಿ, ಅಡಿಕೆ, ಗೊಬ್ಬರದ ಸಂಘ ಇದು. ಮಕ್ಕಳ ತಿಂಡಿ ಮಾತಾಡೋಕೆ ಸಭೆ ಬೇಕಾ?" ಎಂದು ನಕ್ಕರು. ಇನ್ನೊಬ್ಬರು ಉಳಿದ ಕಾಳನ್ನು ದರ ಇಳಿಸಿ ಮಾರಿಬಿಡೋಣವೆಂದರು. ಇಬ್ಬರ ಮಾತನ್ನೂ ನಾವು ಒಪ್ಪಲಿಲ್ಲ. ಏಕೆಂದರೆ ಈ ಕಾಳಿನ ಸಂಗತಿ ಪೂರ್ತಿಯಾಗಿ ತೇವಾಂಶದ ಸಂಗತಿ. ತೇವಾಂಶದ ವಿಚಾರದಲ್ಲಿ ಬೆಳೆಗಾರರಾದ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಪಾರ್ಚ್‌ಮೆಂಟ್ ಕಾಫಿಗೆ ಶೇಕಡಾ 10, ಚೆರಿಗೆ 11ರ ಹತ್ತಿರ ತೇವ ಬರುವವರೆಗೆ ಕಣದಲ್ಲಿ ಕಾಲಾಡಿಸುತ್ತಾ ನಿಲ್ಲುವವರು ನಾವು. ಅಂಥವರ ಸಂಘವೇ ಕಾಳಿನ ತೇವ ನೋಡದೆ ಮಾರಿತೆಂದರೆ ನಗುವವರು ಹೊರಗಿನವರಾಗಬೇಕು, ನಾವಲ್ಲ.

ಪಾಪ್‌ಕಾರ್ನ್ ಕಾಳಿಗೆ ಬೇಕಾದ ತೇವ ಶೇಕಡಾ 13ರಿಂದ 14.5ರವರೆಗೆ. ಕಾಳಿನೊಳಗಿನ ಈ ನೀರು ಕಾವೇರಿದಂತೆ ಆವಿಯಾಗುತ್ತದೆ. ಹೊರಸಿಪ್ಪೆ ಗಟ್ಟಿಯಾದ್ದರಿಂದ ಆವಿಗೆ ಹೊರದಾರಿಯಿಲ್ಲ, ಒತ್ತಡ ಏರುತ್ತಲೇ ಹೋಗುತ್ತದೆ. ಒಳಗಿನ ಪಿಷ್ಟ ಬೆಂದು ಅಂಬಲಿಯಂತಾಗುತ್ತದೆ. ಸುಮಾರು 180 ಡಿಗ್ರಿ ಸೆಂಟಿಗ್ರೇಡಿಗೆ ಸಿಪ್ಪೆ ಸೀಳಿದಾಗ ಅಂಬಲಿ ನೊರೆಯಾಗಿ ಉಬ್ಬಿ, ಗಾಳಿಗೆ ಬಂದ ಕ್ಷಣವೇ ಬಿಗಿದುಕೊಳ್ಳುತ್ತದೆ. 2015ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ಇದನ್ನು ಒಲೆಯಲ್ಲಿಟ್ಟು ಅಳೆದರು. 170 ಡಿಗ್ರಿಯಲ್ಲಿ ನೂರಕ್ಕೆ 34 ಕಾಳು ಮಾತ್ರ ಅರಳಿದವು, 180ರಲ್ಲಿ 96. ಹತ್ತೇ ಡಿಗ್ರಿಯ ಅಂತರಕ್ಕೆ ಇಷ್ಟು! ಆ 'ಚಟ್' ಎಂಬ ಸದ್ದು ಸಿಪ್ಪೆ ಒಡೆಯುವುದರಿಂದಲ್ಲ, ಆವಿ ಒಮ್ಮೆಗೇ ಹೊರನುಗ್ಗುವುದರಿಂದ ಎಂದೂ ಅವರು ಕಂಡುಕೊಂಡರು. ಮನೆಯಲ್ಲೇ ಬಾಣಲೆಯಲ್ಲಿ ಕಾಫಿಬೀಜ ಹುರಿಯುವವರಿಗೆ ಈ ಸದ್ದಿನ ಅಣ್ಣತಮ್ಮನ ಪರಿಚಯ ಇದ್ದೇ ಇದೆ.

ಸಿಪ್ಪೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆವಿ ಸೋರಿಹೋಗುತ್ತದೆ, ಕಾಳು ಕರಕಲಾಗುತ್ತದೆಯೇ ಹೊರತು ಅರಳುವುದಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದವರು 2005ರಲ್ಲಿ 14 ತಳಿಗಳನ್ನು ಪರೀಕ್ಷಿಸಿದಾಗ, ಅರಳದೆ ಉಳಿದ ಕಾಳು ತಳಿಯಿಂದ ತಳಿಗೆ ಶೇಕಡಾ 4ರಿಂದ 47ರವರೆಗೆ ಇತ್ತು. ಕಾರಣ ಸೋರುವ ಸಿಪ್ಪೆ. ನಮ್ಮ ಗೋದಾಮಿನ ಚೀಲಕ್ಕೆ ಆದದ್ದೂ ಇದೇ ಎಂದು ನಮ್ಮ ಎಣಿಕೆ. ಬೇಸಿಗೆಯಲ್ಲಿ ಒಣಗಿ, ಮಳೆಯಲ್ಲಿ ನೆನೆದು, ಹಿಗ್ಗಿ ಕುಗ್ಗಿ ಕಾಳು ಒಳಗೊಳಗೇ ಬಿರಿದಿತ್ತು. ಒಂದು ಸೇರಿನಷ್ಟನ್ನು ನಾಲ್ಕು ದಿನ ಫ್ಯಾನಿನ ಕೆಳಗೆ ಆರಿಸಿ ಮತ್ತೆ ಹುರಿದೆವು. ಸ್ವಲ್ಪ ಸುಧಾರಿಸಿತು, ಸಾಕಾಗುವಷ್ಟಲ್ಲ. ಬಿರಿದ ಸಿಪ್ಪೆಗೆ ಮದ್ದಿಲ್ಲ. ಅವಸರದಲ್ಲಿ ಒಣಗಿಸಿದ ಪಾರ್ಚ್‌ಮೆಂಟ್ ಬಾಯಿ ಬಿಟ್ಟ ಮೇಲೆ ಯಾರಿಗಾದರೂ ಮುಚ್ಚಿಸಲು ಸಾಧ್ಯವೇ?

ಈ ಜ್ಞಾನ ನಮ್ಮ ಅಜ್ಜಿಯರಿಗೆ ಹೊಸದೇನಲ್ಲ. ಬಯಲುಸೀಮೆಯಲ್ಲಿ ನಾಗರಪಂಚಮಿಗೆ ಜೋಳದ ಅರಳು ಮಾಡುವವರು ಕಾಳಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ತೇವ ಒಳಕ್ಕಿಳಿದ ಮೇಲೆಯೇ ಕಾದ ಮರಳಿಗೆ ಹಾಕುತ್ತಾರೆ. ನಮ್ಮ ಮಲೆನಾಡಿನ ಹೊದಲಿಗೂ ಭತ್ತದ ಹದ ನೋಡಿಯೇ ಕೈ ಹಾಕುತ್ತಿದ್ದರು. ಶೇಕಡಾವಾರು ಲೆಕ್ಕ ಅವರಲ್ಲಿರಲಿಲ್ಲ, ಕೈ ಮಾತ್ರ ಪಕ್ಕಾ ಇತ್ತು.

ಇನ್ನು ಕಾಳಿನ ಆಯ್ಕೆ. ದಾವಣಗೆರೆ, ಹಾವೇರಿ ಕಡೆಯಿಂದ ಲಾರಿಗಟ್ಟಲೆ ಬರುವ ಮೆಕ್ಕೆಜೋಳ ಇದಕ್ಕೆ ಆಗದು. ಅದರ ಒಡಲಲ್ಲಿ ಮೆತ್ತನೆಯ ಹಿಟ್ಟು ಜಾಸ್ತಿ, ಸಿಪ್ಪೆಗೆ ತಡೆಯುವ ಶಕ್ತಿ ಕಡಿಮೆ. ಹುರಿದರೆ ಬಿರಿಯುತ್ತದೆ, ಅರಳುವುದಿಲ್ಲ. ಪಾಪ್‌ಕಾರ್ನ್ ಬೇರೆಯೇ ಬಗೆ: ಕಾಳು ಚಿಕ್ಕದು, ಒಳಗೆಲ್ಲ ಗಾಜಿನಂತೆ ಗಟ್ಟಿ. ನಮ್ಮ ದೇಶದಲ್ಲಿಯೇ ಅಲ್ಮೋರದ ಕೃಷಿ ಸಂಶೋಧನಾ ಸಂಸ್ಥೆಯವರು 'ವಿ.ಎಲ್. ಅಂಬರ್ ಪಾಪ್‌ಕಾರ್ನ್' ಎಂಬ ತಳಿಯನ್ನು ಕೊಟ್ಟಿದ್ದಾರೆ. ಅಂಗಡಿಯಲ್ಲಿ ಕೊಳ್ಳುವಾಗ ಕಾಳು ಒಂದೇ ಗಾತ್ರದ್ದೋ, ಹೊಳಪಿದೆಯೋ, ತುಂಡು ಕಾಳು ಮತ್ತು ಪುಡಿ ಇಲ್ಲವೋ ನೋಡಬೇಕು. ಪ್ಯಾಕ್ ಮಾಡಿದ ತಿಂಗಳನ್ನು ತಪ್ಪದೆ ಓದಬೇಕು. ಬಿಳಿ ಕಾಳಿನ ಅರಳು ಸಣ್ಣದು, ಮೃದು. ಹಳದಿಯದು ದೊಡ್ಡದು, ಸ್ವಲ್ಪ ಗಡಸು. ಅರಳಿನಲ್ಲೂ ಎರಡು ಆಕಾರ ಉಂಟು. ರೆಕ್ಕೆ ಬಿಚ್ಚಿದ ಚಿಟ್ಟೆಯಂಥದ್ದು ಉಪ್ಪು ಖಾರಕ್ಕೆ ಚೆನ್ನ, ಅಣಬೆಯಂತೆ ಉಂಡೆಯಾಗುವುದು ಬೆಲ್ಲದ ಪಾಕಕ್ಕೆ ಚೆನ್ನ, ಕಲಸುವಾಗ ಮುರಿಯುವುದಿಲ್ಲ.

ಕೆಲವು ಸದಸ್ಯರು, ಇದನ್ನು ತೋಟದಲ್ಲೇ ಹಾಕಿಕೊಳ್ಳಬಹುದಲ್ಲ ಎಂದು ಕೇಳಿದ್ದಾರೆ. ಅಡಿಕೆಯ ನೆರಳಿನಲ್ಲಿ ಮೆಕ್ಕೆಜೋಳದ ಜಾತಿ ಏಳುವುದಿಲ್ಲ. ಪ್ಯಾಕೆಟ್ಟಿನ ಹೈಬ್ರಿಡ್ ಕಾಳನ್ನು ಬಿತ್ತಿದರೆ ತಾಯಿಯಂತೆ ಮಗಳು ಬರುವುದಿಲ್ಲ. ಪಕ್ಕದ ಗದ್ದೆಯ ಸಾಮಾನ್ಯ ಮೆಕ್ಕೆಜೋಳದ ಪರಾಗ ಬಿದ್ದರೂ ಅರಳುವ ಗುಣ ಕೆಡಬಹುದು. ಈ ಆಸೆ ಬೇಡ ಎಂದೇ ನಮ್ಮ ಸಲಹೆ.

ಮನೆಯಲ್ಲಿ ಕಾಳನ್ನು ಇಡುವುದು ಹೇಗೆ? ಹಾರ್ಲಿಕ್ಸ್ ಬಾಟಲಿಯಂಥ ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ, ಒಲೆಯಿಂದ ದೂರ. ಒಲೆಯ ಮೇಲಿನ ಅಟ್ಟ ಅಡಿಕೆಗೆ ಒಳ್ಳೆಯದಿರಬಹುದು, ಇದಕ್ಕಲ್ಲ. ಫ್ರಿಜ್ಜಿನಲ್ಲಿ ಇಟ್ಟರೂ ಕಾಳು ಒಣಗುತ್ತದೆ. ಹುರಿದಾಗ ಸದ್ದು ಕ್ಷೀಣವಾಗಿ, ಬಹಳ ಕಾಳು ಉಳಿದರೆ ಒಣಗಿದೆಯೆಂದು ಅರ್ಥ. ಲೀಟರಿನ ಬಾಟಲಿಯಲ್ಲಿ ಮುಕ್ಕಾಲು ಭಾಗ ಕಾಳು ತುಂಬಿ, ಒಂದು ದೊಡ್ಡ ಚಮಚ ನೀರು ಹಾಕಿ, ನೀರು ಹೀರಿಕೊಳ್ಳುವವರೆಗೆ ಆಗಾಗ ಕುಲುಕಿ, ಮೂರು ನಾಲ್ಕು ದಿನ ಮುಚ್ಚಿಡಬೇಕು. ಆಮೇಲೆ ಹತ್ತು ಕಾಳು ಹಾಕಿ ಪರೀಕ್ಷೆ. ಸದ್ದು ಜೋರಾಗಿದ್ದೂ ಅರಳು ಸಣ್ಣಗೆ ಗಡುಸಾಗಿದ್ದರೆ ತೇವ ಹೆಚ್ಚಾಗಿದೆ. ಮೊರದಲ್ಲಿ ಹರಡಿ ನೆರಳಲ್ಲಿ ಆರಿಸಿ, ದಿನಕ್ಕೊಂದು ಸಲ ಹುರಿದು ನೋಡಬೇಕು. ಬಿಸಿಲಿಗೆ ಹಾಕಬಾರದು. ಬೂಷ್ಟು ಕಂಡರೆ ಪರೀಕ್ಷೆಯೂ ಬೇಡ, ಗೊಬ್ಬರದ ಗುಂಡಿಗೆ ಹೋಗಲಿ.

ಹುರಿಯುವುದಕ್ಕೆ ದಪ್ಪ ತಳದ, ಮೂರು ನಾಲ್ಕು ಲೀಟರು ಹಿಡಿಯುವ ಪಾತ್ರೆ ಇದ್ದರೆ ಸಾಕು. ಎರಡು ದೊಡ್ಡ ಚಮಚ ಎಣ್ಣೆ ಹಾಕಿ, ಹದ ಉರಿಯಲ್ಲಿ ಮೂರೇ ಮೂರು ಕಾಳು ಬಿಟ್ಟು ಕಾಯಬೇಕು. ಮೂರೂ ಅರಳಿದವೆಂದರೆ ಎಣ್ಣೆಯ ಕಾವು ಸರಿಯಾಗಿದೆ. ಆಗ ಪಾತ್ರೆಯನ್ನು ಕೆಳಗಿಳಿಸಿ, ಅರ್ಧ ಲೋಟ ಕಾಳನ್ನು ಒಂದೇ ಪದರವಾಗುವಂತೆ ಹಾಕಿ, ಮೂವತ್ತು ಎಣಿಸಿ ಮತ್ತೆ ಒಲೆಗೇರಿಸಬೇಕು. ಈ ಅರ್ಧ ನಿಮಿಷದಲ್ಲಿ ಎಲ್ಲ ಕಾಳೂ ಸಮನಾಗಿ ಕಾಯುತ್ತವೆ. ಇದೊಂದನ್ನು ಕಲಿತ ಮೇಲೆ ನಮ್ಮ ಮನೆಯಲ್ಲಿ ಉಳಿಕೆ ಕಾಳು ಕಣ್ಣಿಗೆ ಕಾಣುವಷ್ಟು ಇಳಿಯಿತು. ಮುಚ್ಚಳ ಒಂದಿಷ್ಟು ಓರೆಯಾಗಿರಲಿ, ಆವಿ ಹೊರಗೆ ಹೋಗದಿದ್ದರೆ ಅರಳು ಅದನ್ನೇ ಕುಡಿದು ಮೆತ್ತಗಾಗುತ್ತದೆ. ಪಾತ್ರೆಯನ್ನು ಆಗಾಗ ಅಲುಗಿಸುತ್ತಿರಬೇಕು. ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ಎರಡು ಸೆಕೆಂಡು ಬಿಡುವು ಬಂದರೆ ಇಳಿಸಿಬಿಡಬೇಕು. ಉಳಿದ ನಾಲ್ಕು ಕಾಳಿನ ಆಸೆಗೆ ಇಡೀ ಪಾತ್ರೆ ಸೀಯಿಸಬಾರದು.

ಎಣ್ಣೆಯ ಬಗ್ಗೆ ಮನೆಯಲ್ಲಿ ಚರ್ಚೆ ನಡೆಯಿತು. ಗಾಣದ ಕೊಬ್ಬರಿ ಎಣ್ಣೆಯ ಘಮ ನಮಗೆ ಇಷ್ಟ, ಆದರೆ ಕಾಳು ಅರಳುವ ಹೊತ್ತಿಗೇ ಅದು ಹೊಗೆಯಾಡತೊಡಗುತ್ತದೆ. ಬೆಣ್ಣೆಯಂತೂ ಕಪ್ಪಾಗುತ್ತದೆ. ತುಪ್ಪಕ್ಕೆ ಆ ತೊಂದರೆ ಇಲ್ಲ. ನಮ್ಮ ಮನೆಯವರು ಕಡಲೆಕಾಯಿ ಎಣ್ಣೆಯಲ್ಲಿ ಹುರಿದು, ಮೇಲೆ ಒಂದು ಚಮಚ ತುಪ್ಪ, ಕಾಳುಮೆಣಸಿನ ಪುಡಿ, ನುಣ್ಣಗೆ ಅರೆದ ಉಪ್ಪು ಹಾಕುತ್ತಾರೆ. ಕಾಳುಮೆಣಸು ಸ್ವಂತ ತೋಟದ್ದು. ಸಿನೆಮಾ ಥಿಯೇಟರಿನದು ಇದರ ಮುಂದೆ ಏನೂ ಅಲ್ಲವೆಂದು ಪಕ್ಷಪಾತವಿಲ್ಲದೆ ಹೇಳಬಲ್ಲೆವು.

ಸಂತೆಯಲ್ಲಿ ಕಬ್ಬಿಣದ ಬಾಣಲೆಯಲ್ಲಿ ಉಪ್ಪು ಕಾಯಿಸಿ ಅದರಲ್ಲಿ ಹುರಿಯುತ್ತಾರೆ. ಎಣ್ಣೆ ಬೇಡದವರಿಗೆ ಅದು ಒಳ್ಳೆಯ ಕ್ರಮ, ಜರಡಿಯೊಂದು ಬೇಕಷ್ಟೆ. ಮೈಕ್ರೋವೇವ್ ಒಲೆಯ ಪೊಟ್ಟಣ ಸುಲಭ, ದುಬಾರಿ. ಬೆಣ್ಣೆಯ ವಾಸನೆಗಾಗಿ ಹಿಂದೆ ಬಳಸುತ್ತಿದ್ದ ಡೈಅಸಿಟೈಲ್ ಎಂಬ ರಸಾಯನದ ಆವಿಯಿಂದ ಅಮೆರಿಕದ ಮಿಸ್ಸೂರಿಯ ಕಾರ್ಖಾನೆಯೊಂದರ ಕೆಲಸಗಾರರ ಶ್ವಾಸಕೋಶ ಕೆಟ್ಟ ಸಂಗತಿ 2000ದಲ್ಲಿ ಬೆಳಕಿಗೆ ಬಂದಿತ್ತು.

ಕುಕ್ಕರಿನ ವಿಷಯ ಮಾತ್ರ ಒತ್ತಿ ಹೇಳಬೇಕು. ಬಹಳ ಮನೆಗಳಲ್ಲಿ ಪಾಪ್‌ಕಾರ್ನ್ ಎಂದರೆ ಕುಕ್ಕರೇ. ಗ್ಯಾಸ್ಕೆಟ್ಟನ್ನೂ ವೆಯಿಟನ್ನೂ ತೆಗೆದು, ಮುಚ್ಚಳವನ್ನು ಸುಮ್ಮನೆ ಮೇಲಿಟ್ಟರೆ ಅದು ಬರಿಯ ದಪ್ಪ ಪಾತ್ರೆ, ಅಡ್ಡಿಯಿಲ್ಲ. ಆದರೆ ಮೊನ್ನೆ ನಮ್ಮ ಮನೆಗೆ ಬಂದ ಹುಡುಗನೊಬ್ಬ ಅನ್ನಕ್ಕೆ ಮುಚ್ಚುವಂತೆ ಬಿಗಿಯಾಗಿ ಮುಚ್ಚಿ ವೆಯಿಟ್ ಹಾಕಿದ್ದ. ನಮ್ಮ ಮನೆಯವರು ನೋಡಿ ಒಲೆ ಆರಿಸಿದರು. ಸಿಪ್ಪೆಯ ಚೂರೊಂದು ಆವಿಯ ತೂತಿಗೆ ಸಿಕ್ಕಿಕೊಂಡರೆ ಏನಾದೀತೆಂದು ಎಣಿಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಹಾಗೆಯೇ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಲೇಬಾರದು, ಉಸಿರಿನ ನಾಳಕ್ಕೆ ಸಿಕ್ಕಿಕೊಳ್ಳುತ್ತದೆ.

ಇಷ್ಟು ಸಣ್ಣ ವಸ್ತುವಿಗೆ ಇಷ್ಟೊಂದು ಬರೆಯಬೇಕೇ ಎನ್ನುವವರು, 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಕೂಡಿದ ಜಿ.ಎಸ್.ಟಿ. ಮಂಡಳಿಯನ್ನು ನೆನೆಯಬೇಕು. ಉಪ್ಪು ಖಾರದ ಬಿಡಿ ಪಾಪ್‌ಕಾರ್ನಿಗೆ ಶೇಕಡಾ 5, ಅದನ್ನೇ ಹೆಸರು ಹಚ್ಚಿ ಪ್ಯಾಕ್ ಮಾಡಿದರೆ 12, ಸಕ್ಕರೆ ಪಾಕ ಹಾಕಿದರೆ 18 ಎಂದು ಆಗ ವಿವರಣೆ ಬಂತು. 2025ರ ಸೆಪ್ಟೆಂಬರಿನಲ್ಲಿ ಆ 12ರ ಹಂತವನ್ನೇ ಬಹುಮಟ್ಟಿಗೆ ತೆಗೆದರು. ದೇಶದ ಹಣಕಾಸು ಮಂತ್ರಿಗಳೆಲ್ಲ ಕೂತು ಮಾತಾಡಿದ ಕಾಳಿನ ಬಗ್ಗೆ ನಮ್ಮ ಮಂಡಳಿ ಹತ್ತು ನಿಮಿಷ ಮಾತಾಡಿದರೆ ತಪ್ಪಿಲ್ಲ.

ನಾವು ಮಂಡಳಿಯ ಮುಂದಿಟ್ಟಿರುವುದು ಇಷ್ಟು. ಇನ್ನು ಮುಂದೆ ದೊಡ್ಡ ಚೀಲ ಬೇಡ. ಅರ್ಧ ಕಿಲೋದ ಮುಚ್ಚಿದ ಪ್ಯಾಕೆಟ್ಟುಗಳನ್ನೇ ತರಿಸಬೇಕು, ಎರಡು ತಿಂಗಳ ಖರ್ಚಿಗೆ ಆಗುವಷ್ಟು ಮಾತ್ರ. ಪ್ರತಿ ಬಾರಿ ಸರಕು ಬಂದಾಗ ಒಂದು ಪ್ಯಾಕೆಟ್ ಒಡೆದು ನೂರು ಕಾಳು ಹುರಿದು, ಅರಳಿದ್ದೆಷ್ಟು ಎಂದು ಮಳಿಗೆಯ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ತಿನ್ನುವ ವಸ್ತುಗಳೆಲ್ಲ ಮುಂದಿನ ಕೋಣೆಗೆ ಬರಬೇಕು, ಮೈಲುತುತ್ತ ಮತ್ತು ಔಷಧಿಗಳು ಹಿಂದಿನ ಗೋದಾಮಿನಲ್ಲಿ ಬೀಗದೊಳಗಿರಬೇಕು. ಕೊನೆಯದಕ್ಕೆ ಮಂಡಳಿಯ ಒಪ್ಪಿಗೆಗೆ ಕಾಯದೆ ಆಗಲೇ ಜಾಗ ಬದಲಿಸಿದ್ದೇವೆ. ಉಳಿದವು ಮುಂದಿನ ಸಭೆಗೆ ಬರಲಿವೆ. ನಕ್ಕ ನಿರ್ದೇಶಕರೂ ಬರುತ್ತಾರೆ, ಸದಸ್ಯರೂ ಬಂದು ಮಾತಾಡಬೇಕು.

ಚೀಲದಲ್ಲಿ ಉಳಿದಿದ್ದ ಕಾಳನ್ನು ಮಾರುವುದಿಲ್ಲ. ಮೈಲುತುತ್ತದ ಪಕ್ಕದಲ್ಲಿದ್ದದ್ದೆಂದು ಕೋಳಿಗೂ ಹಾಕದೆ ಗುಂಡಿ ತೆಗೆಸಿ ಹೂಳಿಸಿದ್ದೇವೆ, ಅದರ ಹಣವನ್ನು ನಮ್ಮ ಲೆಕ್ಕಕ್ಕೆ ಬರೆದುಕೊಳ್ಳಲು ಹೇಳಿದ್ದೇವೆ. ಫೆಬ್ರವರಿಯಿಂದ ಆಗಸ್ಟ್ ವರೆಗೆ ಬಿಡಿ ಕಾಳು ಕೊಂಡವರು ಉಳಿದದ್ದನ್ನು ಬಳಸಬಾರದು. ಮಳಿಗೆಗೆ ತಂದುಕೊಟ್ಟರೆ ಪೂರ್ತಿ ಹಣ ವಾಪಸು ಸಿಗುತ್ತದೆ, ರಸೀದಿ ಬೇಕಾಗಿಲ್ಲ. ಅಂದು ಕೊಡೆ ಮಡಿಸಿಟ್ಟು ಬಂದ ಆ ಅಕ್ಕನವರಿಗೆ ಹೊಸ ಪ್ಯಾಕೆಟ್ಟೊಂದನ್ನು ಮನೆಗೇ ಮುಟ್ಟಿಸಿದ್ದೇವೆ. ಮೊಮ್ಮಕ್ಕಳು ಅಷ್ಟರಲ್ಲಿ ಬೆಂಗಳೂರಿಗೆ ಹೊರಟುಹೋಗಿದ್ದರು.