ಮಾಡದ ಪ್ರಯಾಣದ ಲೆಕ್ಕ

ಅನ್ನ, ಅರಿವೆ, ಆಸರೆ ಇವುಗಳ ಕೊರತೆಯೇ ಬಡತನವೆಂದು ನಾವು ಎಣಿಸಿದ್ದೇವೆ. ನಗರವಾಸಿಗೆ ಇನ್ನೊಂದು ಬಡತನವುಂಟು. ಅದು ಹೋಗಬೇಕಾದಲ್ಲಿಗೆ ಹೋಗಲಾರದ ಬಡತನ. ಇದನ್ನು ಅಳೆಯಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಆದಾಯದಲ್ಲಿ ಎಷ್ಟು ಪಾಲು ಪ್ರಯಾಣಕ್ಕೆ ವೆಚ್ಚವಾಗುತ್ತದೆ ಎಂಬುದು. ಪ್ರಶ್ನೆ ಉಚಿತವಾದುದೇ. 2025ರಲ್ಲಿ ಬೆಂಗಳೂರಿನ ಬಸ್ ದರ ಶೇಕಡ 15ರಷ್ಟು ಏರಿತು. ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಮುಟ್ಟಿತು. ಅದರ ಬಿಸಿ ಸಂಸಾರವಂದಿಗರಿಗೆ ತಟ್ಟದಿರಲಿಲ್ಲ.

ಆದರೆ ಕೈಯಲ್ಲಿ ಕಾಸಿಲ್ಲದೆ ಐದು ಕಿಲೋಮೀಟರ್ ನಡೆದೇ ಹೋಗುವ ಕೂಲಿಕಾರನ ಪ್ರಯಾಣವೆಚ್ಚ ಸೊನ್ನೆ. ಆಸ್ಪತ್ರೆ ದೂರವೆಂದು ಮನೆಯಲ್ಲೇ ಉಳಿದ ಮುದುಕಿಯ ವೆಚ್ಚವೂ ಸೊನ್ನೆ. ವೆಚ್ಚವೊಂದನ್ನೇ ನೋಡುವ ಲೆಕ್ಕದಲ್ಲಿ ಇವರಿಗೆ ಪ್ರಯಾಣದ ಹೊರೆಯೇ ಇಲ್ಲ!

ನನ್ನ ಶಿಷ್ಯೆಯೊಬ್ಬಳ ಮಾತು ನೆನಪಾಗುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಅವಳ ಟಿಕೆಟಿನ ಬೆಲೆ ಸೊನ್ನೆಯಾಗಿತ್ತು. ಆದರೂ ಪದವಿಯ ಬಳಿಕ ದೊರೆತ ಕೆಲಸವನ್ನು ಅವಳು ಒಪ್ಪಿಕೊಳ್ಳಲಿಲ್ಲ. ಕಾರಣ ಕೇಳಿದೆ. "ಪಾಳಿ ಮುಗಿಯುವುದು ರಾತ್ರಿ ಹತ್ತಕ್ಕೆ ಸಾರ್. ನಮ್ಮ ಬಡಾವಣೆಯ ಕಡೆಯ ಬಸ್ಸು ಒಂಬತ್ತೂವರೆಗೇ ಹೊರಟುಹೋಗುತ್ತದೆ" ಎಂದಳು. ದರ ತಡೆಯದವಳನ್ನು ವೇಳೆ ತಡೆದಿತ್ತು. 2011ರ ಜನಗಣತಿ ಕೆಲಸಕ್ಕೆ ಹೋಗುವವರು ಎಷ್ಟು ದೂರ, ಯಾವ ವಾಹನದಲ್ಲಿ ಹೋಗುತ್ತಾರೆಂದು ಬರೆದುಕೊಂಡಿತು. ದಾರಿಯಿಲ್ಲದೆ ಕೆಲಸವನ್ನೇ ಬಿಟ್ಟವಳನ್ನು ಅಂಥ ಪಟ್ಟಿಯಲ್ಲಿ ಎಲ್ಲಿ ಹುಡುಕೋಣ?

ಆದುದರಿಂದ ನಮ್ಮ ಅಳತೆಗೋಲು ಬದಲಾಗಬೇಕು. ಮನೆಯ ಹೊಸ್ತಿಲಿನಿಂದ ಆಸ್ಪತ್ರೆಗೆ, ಕಾಲೇಜಿಗೆ, ಸಂತೆಗೆ ತಲುಪಲು ನಡಿಗೆಯೂ ಕಾಯುವಿಕೆಯೂ ಸೇರಿ ಎಷ್ಟು ಹೊತ್ತು ಬೇಕು? ಕತ್ತಲಾದ ಮೇಲೆ ಹಿಂದಿರುಗಲು ಏನು ಅನುಕೂಲವಿದೆ? ಕಳೆದ ತಿಂಗಳಲ್ಲಿ ಹೋಗಬೇಕೆಂದಿದ್ದೂ ಹೋಗದೆ ಉಳಿದದ್ದು ಎಲ್ಲಿಗೆ, ಏತಕ್ಕೆ? ಹೆಂಗಸರನ್ನೂ ಗಂಡಸರನ್ನೂ ವೃದ್ಧರನ್ನೂ ಬೇರೆಬೇರೆಯಾಗಿಯೇ ಈ ಪ್ರಶ್ನೆಗಳನ್ನು ಕೇಳಬೇಕು. ಮನೆಯ ಯಜಮಾನನೊಬ್ಬನ ಉತ್ತರ ಸಾಲದು.

ನಡೆಯದೆ ಇದ್ದುದನ್ನು ಎಣಿಸುವುದು ಹೇಗೆಂದು ತಜ್ಞರು ನಕ್ಕಾರು. ನಮ್ಮ ವ್ಯಾಕರಣದಲ್ಲಿ ಅಧ್ಯಾಹಾರವೆಂಬುದೊಂದುಂಟು: ವಾಕ್ಯದಲ್ಲಿ ಕಾಣದ ಪದವನ್ನು ಅರ್ಥಕ್ಕಾಗಿ ತಂದುಕೊಳ್ಳುವುದು. ಹಾಗೆ ತಂದುಕೊಳ್ಳದಿದ್ದರೆ ವಾಕ್ಯ ಅಪೂರ್ಣ. ನಗರದ ಲೆಕ್ಕವೂ ಅಷ್ಟೆ. ಬಸ್ಸಿನೊಳಗೆ ಇರುವವರನ್ನು ಎಣಿಸುವುದು ಸುಲಭ. ನಿಲ್ದಾಣದವರೆಗೂ ಬರಲಾರದವರ ಬಾಗಿಲಿಗೆ ಹೋಗಿ ಕೇಳಿದಾಗಲೇ ಆ ಲೆಕ್ಕ ಪೂರ್ಣವಾದೀತು.