ಫಾರ್ಮ್ಯಾಟ್ ಹೊಡೆಯುವುದು ರಿಪೇರಿ ಅಲ್ಲ

"ಫಾರ್ಮ್ಯಾಟ್ ಮಾಡ್ರೆ ಎಲ್ಲ ಸಮ ಆತ್ತ್." ಉಪ್ಪುಂದದಿಂದ ಕಂಪ್ಯೂಟರ್ ಹೊತ್ತುಕೊಂಡು ರಿಪೇರಿಗೆ ಹೋದರೆ ಕೇಳುವ ಮಾತು ಇದು. ನಿಧಾನವಾಯಿತೇ? ಫಾರ್ಮ್ಯಾಟ್. ವೈರಸ್ಸೇ? ಫಾರ್ಮ್ಯಾಟ್. ಪದೇ ಪದೇ ಆಫ್ ಆಗುತ್ತದೆಯೇ? ಅದಕ್ಕೂ ಫಾರ್ಮ್ಯಾಟ್. ಜ್ವರಕ್ಕೂ ಕಾಲು ಉಳುಕಿದ್ದಕ್ಕೂ ಒಂದೇ ಮಾತ್ರೆ ಕೊಡುವ ಡಾಕ್ಟರ ಹತ್ತಿರ ನಾವು ಎರಡನೇ ಸಲ ಹೋಗುತ್ತೇವೆಯೇ?

ನಮ್ಮ ಮನೆಯ ಕಂಪ್ಯೂಟರಿಗೂ ಇದೇ ಮದ್ದು ಬಿತ್ತು. ವಿಂಡೋಸ್ ಹೊಸದಾಗಿ ಬಂತು. ಸೌಂಡ್ ಹೋಯಿತು, ವೈಫೈ ಹೋಯಿತು. ಡೆಸ್ಕ್‌ಟಾಪಿನಲ್ಲಿದ್ದ ಫೋಟೋಗಳೂ ಹೋದವು. ಅಪ್ಪಯ್ಯ ಮಳೆಗಾಲದ ರಾತ್ರಿಗಳಲ್ಲಿ ಕೂತು ಟೈಪ್ ಮಾಡಿದ್ದ ಯಕ್ಷಗಾನ ಪ್ರಸಂಗ ಡಿ ಡ್ರೈವಿನಲ್ಲಿದ್ದುದರಿಂದ ಉಳಿದಿತ್ತು. ತೆರೆದರೆ ಒಂದಕ್ಷರ ಕನ್ನಡ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆ. "ಫೈಲ್ ಹಾಳಾಗಿದೆ, ಡಿಲೀಟ್ ಮಾಡಿ" ಎಂದರು ಅಂಗಡಿಯವರು. ಅಪ್ಪಯ್ಯ ಮಾತಾಡಲಿಲ್ಲ.

ಫೈಲ್ ಹಾಳಾಗಿರಲಿಲ್ಲ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದಂಥವು. ಫಾರ್ಮ್ಯಾಟಿನಲ್ಲಿ ಫಾಂಟ್ ಹೋದರೆ ಅಡಿಯ ಇಂಗ್ಲಿಷ್ ಹೊರಬೀಳುತ್ತದೆ, ಅಷ್ಟೇ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಮತ್ತೆ ಹಾಕಿದ ಮೇಲೆ ಪ್ರಸಂಗ ಎದ್ದು ಕೂತಿತು. ಕನ್ನಡ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ನಮ್ಮ ಕರಾವಳಿಯವರೇ. ಅಂಥ ನೆಲದಲ್ಲಿ ಕನ್ನಡ ಫೈಲನ್ನು ಕಸವೆಂದು ಎಸೆಯಲು ಹೇಳುವುದು ನಾಚಿಕೆಗೇಡು.

ಇನ್ನೂ ಇದೆ. ತಾರೀಕು, ಗಂಟೆ ದಿನಾ ಹಿಂದೆ ಹೋಗಿ ವೆಬ್‌ಸೈಟುಗಳು ತೆರೆಯದಿದ್ದರೆ ಕಾರಣ ಹೆಚ್ಚಾಗಿ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ. ನೂರು ಸಲ ಫಾರ್ಮ್ಯಾಟ್ ಮಾಡಿದರೂ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಧೂಳು ತುಂಬಿದ ಫ್ಯಾನು, ಉಪ್ಪುಗಾಳಿಗೆ ಕಿಲುಬು ಹಿಡಿದ ರ್‍ಯಾಮ್, ಸಾಯುತ್ತಿರುವ ಹಾರ್ಡ್‌ಡಿಸ್ಕ್ ಇವಕ್ಕೂ ವಿಂಡೋಸ್ ಮದ್ದಲ್ಲ.

ಅಂಗಡಿಯವರ ಕಷ್ಟವೂ ಗೊತ್ತು. ಕಾರಣ ಹುಡುಕಲು ಅರ್ಧ ದಿನ ಬೇಕು, ಅದಕ್ಕೆ ನಾವು ದುಡ್ಡು ಕೊಡುವುದಿಲ್ಲ. ಹಾಗಿದ್ದರೆ ಹುಡುಕುವ ಕೂಲಿ ಬೇರೆ ಕೇಳಿ, ಕೊಡುತ್ತೇವೆ. ಆದರೆ ಕೇಳದೆ ಅಳಿಸುವ ಹಕ್ಕು ನಿಮಗಿಲ್ಲ. ಅಸಲಿ ವಿಂಡೋಸ್ 10 ಅಥವಾ 11 ಜೊತೆಗೇ ಬಂದ ಲ್ಯಾಪ್‌ಟಾಪಿಗೆ ಅದೇ ಆವೃತ್ತಿ ಹಾಕಿದರೆ ಇಂಟರ್ನೆಟ್ ಸಿಕ್ಕೊಡನೆ ಸಾಮಾನ್ಯವಾಗಿ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಅದನ್ನು ಬಿಟ್ಟು ಕಳ್ಳ ಕಾಪಿ ಹಾಕಿ ಆ್ಯಂಟಿವೈರಸ್ ಆಫ್ ಮಾಡಿ ಕಳಿಸುವುದು ರಿಪೇರಿಯಲ್ಲ, ಮೋಸ.

ನಾವೂ ಬದಲಾಗಬೇಕು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತವೆ, ಫಾರ್ಮ್ಯಾಟಿನಲ್ಲಿ ಮೊದಲು ಹೋಗುವುದು ಅವೇ. ಕೊಡುವ ಮೊದಲು ಪೆನ್‌ಡ್ರೈವಿಗೆ ಕಾಪಿ ಮಾಡಿ. ಫೈಲ್ ಹೋಗಿದ್ದರೆ ಆ ಡಿಸ್ಕಿಗೆ ಹೊಸದೇನೂ ಹಾಕಬೇಡಿ, ತೆಗೆಯಲು ಇನ್ನೂ ಅವಕಾಶ ಇರಬಹುದು. ವೈಫೈ ಬಾರದಿದ್ದರೆ ಫೋನಿಗೆ ಕೇಬಲ್ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಮಾಡೆಲ್ ನಂಬರ್ ನೋಡಿ ಕಂಪನಿಯ ವೆಬ್‌ಸೈಟಿನಿಂದ ಡ್ರೈವರ್ ಇಳಿಸಿ. ಹಳೆಯ ಕನ್ನಡ ಫೈಲುಗಳನ್ನು ಯೂನಿಕೋಡಿಗೆ ಬದಲಿಸಿಡಿ. ಆಮೇಲೆ ಯಾವ ಫಾರ್ಮ್ಯಾಟಿಗೂ ಕನ್ನಡ ಇಂಗ್ಲಿಷ್ ಆಗುವುದಿಲ್ಲ.

ಮುಂದಿನ ಸಲ ಅಂಗಡಿಯಲ್ಲಿ "ಫಾರ್ಮ್ಯಾಟ್" ಎಂದರೆ ಒಂದೇ ಪ್ರಶ್ನೆ ಕೇಳಿ: "ಎಂತಕ್ಕೆ?" ಉತ್ತರ ಬಾರದಿದ್ದರೆ ಕಂಪ್ಯೂಟರ್ ಹೊತ್ತುಕೊಂಡು ವಾಪಸ್ ಬನ್ನಿ.